ತಟ್ಟೆಗಿಂತ ಮುಂಚೆ ಪಟ್ಟಿಯಕ್ಕ

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಅಡುಗೆಮನೆಯಲ್ಲಿ ಮಾತ್ರ ಆಗಲೇ ಹಾಡುಹಗಲು. ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಹಾಲು ಉಕ್ಕುವುದಕ್ಕೆ ಬಂದಿದೆ, ಬ್ರೆಡ್ಡಿನ ಟ್ರೇಗಳು ದಡಬಡ ಇಳಿಯುತ್ತಿವೆ, ಮೊಟ್ಟೆ ಒಡೆದದ್ದು ಯಾರು ಎಂದು ಇಬ್ಬರು ಜಗಳ ಕಾಯುತ್ತಿದ್ದಾರೆ. ಈ ಗದ್ದಲದ ಒಂದು ಮೂಲೆಯಲ್ಲಿ, ಒಂದು ಕಾಲಕ್ಕೆ ಈರುಳ್ಳಿ ಮೂಟೆ ಒಟ್ಟುತ್ತಿದ್ದ ಸಣ್ಣ ಕೋಣೆಯಲ್ಲಿ, ಎರಡು ಕಂಪ್ಯೂಟರ್‌ಗಳ ನಡುವೆ ಸಿಕ್ಕಿಕೊಂಡ ಹಾಗೆ ಕೂತಿರುವ ಹೆಂಗಸೊಬ್ಬರು ಪರದೆಯನ್ನು ದುರುಗುಟ್ಟಿ ನೋಡುತ್ತಿದ್ದಾರೆ.

“ಎಲ್ಲಾ ಬಂತು. ಮಕ್ಕಳ ವಾರ್ಡಿಂದು ಮಾತ್ರ ಇಲ್ಲ,” ಎನ್ನುತ್ತಾರೆ. ಹೇಳಿದ್ದು ನನಗಲ್ಲ, ಪರದೆಗೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಪಟ್ಟಿಯಕ್ಕ ಎಂದು. ಇವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಒಮ್ಮೆ ಲಿಫ್ಟಿನಲ್ಲಿ ಸಿಕ್ಕ ದೊಡ್ಡ ಡಾಕ್ಟರೂ ಹಾಗೇ ಕರೆದುಬಿಟ್ಟರಂತೆ. ಸಂಬಳದ ಚೀಟಿಯಲ್ಲಿ ‘ಅಡುಗೆ ಸಹಾಯಕಿ’ ಎಂದಿದೆ, ಆದರೆ ಸೌಟು ಹಿಡಿದು ವರ್ಷಗಳೇ ಆದವು. ಒಂದು ಪ್ರೋಗ್ರಾಮಿನಲ್ಲಿ ಹುಟ್ಟಿದ ಪಟ್ಟಿಯನ್ನು ಇನ್ನೊಂದು ಪ್ರೋಗ್ರಾಮಿಗೆ ಒಗ್ಗುವಂತೆ ಬದಲಾಯಿಸಿಕೊಡುವುದು ಅವರ ಕೆಲಸ. ಇಷ್ಟೇನಾ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡವನು. ಬೆಳಗಿನ ಸಕ್ಕರೆ ನಿದ್ದೆ ಬಿಟ್ಟು ಇಂಥದ್ದನ್ನು ನೋಡುವುದಕ್ಕೆ ಹೊರಡಬೇಕಾಯಿತಲ್ಲಾ ಎಂದು ದಾರಿಯುದ್ದಕ್ಕೂ ನಮ್ಮ ಸಂಪಾದಕರಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿಕೊಂಡು ಬಂದಿದ್ದೇನೆ.

ವಿಷಯ ಹೀಗಿದೆ. ಪ್ರತಿ ಹೊತ್ತಿನ ಊಟಕ್ಕೂ ಮುಂಚೆ ಪ್ರತಿ ವಾರ್ಡಿನಿಂದಲೂ ಒಂದು ಪಟ್ಟಿ ಬರುತ್ತದೆ: ಯಾವ ಹಾಸಿಗೆಯಲ್ಲಿ ಯಾರು, ಅವರಿಗೆ ಏನು ಕೊಡಬೇಕು, ಏನು ಕೊಡಬಾರದು. ಒಂದು ವಾರ್ಡಿನವರ ಹತ್ತಿರ ದುಡ್ಡು ಕೊಟ್ಟು ಕೊಂಡ ಆಫೀಸ್ ಪ್ರೋಗ್ರಾಂ ಇದೆ, ಪಕ್ಕದವರ ಹತ್ತಿರ ಪುಕ್ಕಟೆ ಸಿಗುವಂಥದ್ದು. ಮೇಲಿನ ಮಹಡಿಯವರು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲೇ ಬರೆದು ಮುಗಿಸುತ್ತಾರೆ. ಮೂಳೆ ವಾರ್ಡಿನಲ್ಲಿ ಯಾರೋ ದಾನ ಕೊಟ್ಟ ಓಬೀರಾಯನ ಕಾಲದ ಕಂಪ್ಯೂಟರ್ ಇದೆ. ಅದರೊಳಗಿನ ಪ್ರೋಗ್ರಾಂ ಮಾಡಿದ ಕಂಪನಿ ಬಾಗಿಲು ಹಾಕಿಯೇ ಎಷ್ಟೋ ಕಾಲವಾಯಿತು. ಇತ್ತ ಅಡುಗೆಮನೆಯಲ್ಲಿ ತಟ್ಟೆ ತಟ್ಟೆಗೂ ಅಂಟಿಸುವ ಚೀಟಿ ಹೊಡೆಯುವ ಯಂತ್ರ ಅದಕ್ಕಿಂತ ಮುದುಕ. ಅದಕ್ಕೆ ಬಣ್ಣ, ಗೆರೆ, ಸೂತ್ರ ಯಾವುದೂ ತಿಳಿಯದು. ಅಲ್ಪವಿರಾಮ ಹಾಕಿ ಬೇರೆ ಬೇರೆ ಮಾಡಿದ ಬರೀ ಅಕ್ಷರಗಳ ಫೈಲು ಕೊಟ್ಟರೆ ಮಾತ್ರ ಓದುತ್ತದೆ. ಎಲ್ಲ ವಾರ್ಡಿನ ಫೈಲುಗಳನ್ನೂ ತೆರೆದು, ಈ ಮುದುಕನಿಗೆ ಅರಗುವ ಹಾಗೆ ಮಾಡಿಕೊಡುವುದು ಪಟ್ಟಿಯಕ್ಕನ ಪಾಲಿಗೆ ಬಂದಿದೆ. ಹದಿನಾಲ್ಕು ವಾರ್ಡು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಆರು ನೂರರ ಆಸುಪಾಸು ತಟ್ಟೆ. ಸಂಜೆಯದೊಂದನ್ನು ಮಾತ್ರ ಇನ್ನೊಬ್ಬರು ನೋಡಿಕೊಳ್ಳುತ್ತಾರೆ.

ಚೀಟಿ ತಪ್ಪಿದರೆ ಏನಾಗುತ್ತದೆ ಎಂದು ಕೇಳುತ್ತೇನೆ.

“ಉಪ್ಪು ಬೇಡ ಅಂದೋರಿಗೆ ಉಪ್ಪು ಹೋಗುತ್ತೆ. ಅದು ಹೇಗೋ ಸರಿ ಮಾಡ್ಕೋಬಹುದು, ಸರ್. ಆದ್ರೆ ಉಪವಾಸದೋರಿಗೆ ತಟ್ಟೆ ಹೋಗಬಾರ್ದು.” ಕುರ್ಚಿ ಸ್ವಲ್ಪ ನನ್ನ ಕಡೆ ತಿರುಗುತ್ತದೆ. “ಆಪರೇಷನ್ ಇರೋರು ಖಾಲಿ ಹೊಟ್ಟೇಲಿ ಇರ್ಬೇಕು. ಹೊಟ್ಟೇಲಿ ಏನಾದ್ರೂ ಇದ್ದು ಪ್ರಜ್ಞೆ ತಪ್ಪಿಸಿದ್ರೆ, ತಿಂದಿದ್ದು ಮೇಲೆ ಬಂದು ಉಸಿರಿನ ದಾರಿಗೆ ಇಳಿಯುತ್ತೆ. ಜೀವಾನೇ ಹೋಗಬಹುದು. ಹಿಂದೊಬ್ಬ ಡಾಕ್ಟ್ರು ನನಗಿದನ್ನ ಕೂರಿಸ್ಕೊಂಡು ಹೇಳಿದ್ರು. ಅವತ್ತಿಂದ ಆ ಉಪವಾಸದ ಕಾಲಂ ನೋಡೋವಾಗ ನನಗೇ ಉಸಿರು ಕಟ್ಟಿದ ಹಾಗಾಗುತ್ತೆ.”

ಮಕ್ಕಳ ವಾರ್ಡಿನ ಪಟ್ಟಿ ಇನ್ನೂ ಬಂದಿಲ್ಲ. ಅವರು ಫೋನೆತ್ತಿ ಒಂದು ಸಲ ವಿಚಾರಿಸುತ್ತಾರೆ. ವಾರ್ಡಿನ ಕಂಪ್ಯೂಟರ್ ಕೈಕೊಟ್ಟಿದೆಯಂತೆ, ಬೇರೆ ಕೋಣೆಯದ್ದರಲ್ಲಿ ಮಾಡುತ್ತಿದ್ದಾರಂತೆ, ಇನ್ನೇನು ಕಳಿಸಿಬಿಡುತ್ತಾರಂತೆ. “ಇನ್ನೇನು ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ,” ಎಂದು ಫೋನು ಕುಕ್ಕುತ್ತಾರೆ.

ಕಾಯುವ ಹೊತ್ತಿನಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ, ಕಣ್ಣು ಮಾತ್ರ ಪರದೆ ಬಿಟ್ಟು ಅಲುಗುವುದಿಲ್ಲ. ಇಲ್ಲಿಗೆ ಬಂದದ್ದು ತರಕಾರಿ ಹೆಚ್ಚುವುದಕ್ಕೆ. ಮದುವೆಗೆ ಮುಂಚೆ ಟೈಪಿಂಗ್ ಕಲಿತದ್ದು ಹಾಗೇ ತುಕ್ಕು ಹಿಡಿದಿತ್ತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಹಾನುಭಾವ ಒಂದು ದಿನ ರಜೆ ಹಾಕಿ ಹೋದವನು ಪತ್ತೆಯೇ ಇಲ್ಲ. ಅಡುಗೆಮನೆಯ ಯಜಮಾನರು, ಇಲ್ಲಿನವರ ಬಾಯಲ್ಲಿ ದೊಡ್ಡಣ್ಣ, ಎಲ್ಲರ ನಡುವೆ ನಿಂತು ಈ ಡಬ್ಬ ಆನ್ ಮಾಡುವುದಕ್ಕೆ ಯಾರಿಗಾದರೂ ಬರುತ್ತದಾ ಎಂದು ಕೂಗಿದರು.

“ನಾನು ಕೈ ಎತ್ತಿದೆ. ಕೈಯಲ್ಲಿ ಚಾಕು ಇತ್ತು ನೋಡಿ, ಅದನ್ನೂ ಎತ್ತಿದೆ. ಹೆದ್ರಿಕೊಂಡೇ ಕೆಲಸ ಕೊಟ್ರೋ ಏನೋ.”

ಕಲಿತದ್ದೆಲ್ಲ ಎಡವಿ ಎಡವಿಯೇ. ಮೂರನೇ ಮಹಡಿಯ ಹನ್ನೆರಡನೇ ಹಾಸಿಗೆ ಎಂದು ವಾರ್ಡಿನವರು ಮೂರು, ಅಡ್ಡಗೆರೆ, ಹನ್ನೆರಡು ಎಂದು ಬರೆಯುತ್ತಾರೆ. ಇವರ ಪ್ರೋಗ್ರಾಂ ಅದನ್ನು ತಾರೀಖು ಎಂದು ತಿಳಿದು ಡಿಸೆಂಬರ್ ಮೂರು ಮಾಡಿಟ್ಟಿತು. ತಟ್ಟೆಗಳ ಗಾಡಿ ತಳ್ಳುವ ಗಾಡಿಯಣ್ಣ ಮೇಲೆಲ್ಲ ಸುತ್ತಿ ವಾಪಸ್ ಬಂದು, “ಅಕ್ಕಾ, ಈ ತಟ್ಟೇನ ಡಿಸೆಂಬರ್‌ವರೆಗೂ ಬಿಸಿ ಇಟ್ಕೊಂಡಿರ್ಲಾ?” ಎಂದು ಕೇಳಿದರಂತೆ. ರೋಗಿಯ ಸಂಖ್ಯೆಯ ಮುಂದಿನ ಸೊನ್ನೆಗಳು ಮಾಯವಾಗಿ ಒಬ್ಬರ ಚೀಟಿ ಇನ್ನೊಬ್ಬರ ತಲೆಗೆ ಕಟ್ಟಿದ್ದೂ ಉಂಟು. ಈಗ ಫೈಲು ತೆರೆಯುವಾಗಲೇ ಯಾವ ಕಾಲಮನ್ನು ಅಕ್ಷರ ಎಂದು ಓದಿಸಬೇಕು, ಯಾವುದನ್ನು ಅಂಕಿ ಎಂದು ಬಿಡಬೇಕು ಎಂಬುದು ಅವರ ಬೆರಳಿಗೇ ಗೊತ್ತು.

ಬಣ್ಣದ ಕಥೆಗೆ ಮಾತ್ರ ಅವರು ನಗುವುದಿಲ್ಲ. ಸಕ್ಕರೆ ಕಾಯಿಲೆಯವರ ಸಾಲಿಗೆ ಒಂದು ವಾರ್ಡಿನವರು ಕೆಂಪು ಬಳಿಯುತ್ತಿದ್ದರು. ಅವರ ಪರದೆಯಲ್ಲಿ ಕೆಂಪು ಕಣ್ಣಿಗೆ ಹೊಡೆಯುವ ಹಾಗಿತ್ತು. ಬರೀ ಅಕ್ಷರದ ಫೈಲಾದಾಗ ಬಣ್ಣ ಉದುರಿಹೋಯಿತು. ಒಬ್ಬ ತಾತನಿಗೆ ಎರಡು ದಿನ ಸಕ್ಕರೆ ಹಾಕಿದ ಹಾಲು ಹೋಯಿತು.

“ಏನೂ ಆಗ್ಲಿಲ್ಲ ಅಂತ ಎಲ್ರೂ ಮರೆತ್ರು. ನನಗೆ ಮರೆಯಕ್ಕಾಗ್ಲಿಲ್ಲ. ತಾತ ಚೆನ್ನಾಗಿತ್ತಮ್ಮ ಹಾಲು ಅಂದಿದ್ರು, ಅದೇ ಕಿವೀಲಿ ಕೂತಿದೆ.” ಆಮೇಲೆ ವಾರ್ಡು ವಾರ್ಡಿಗೂ ಹತ್ತಿ ಇಳಿದು, ಬಣ್ಣ ಬಳಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಪಕ್ಕದ ಕಾಲಮಿನಲ್ಲಿ ಅಕ್ಷರದಲ್ಲೂ ಬರೆಯಿರಿ ಎಂದು ಹೇಳಿ ಹೇಳಿ ರೂಢಿ ಮಾಡಿಸಿದರು. ಕೆಲವರು ನಕ್ಕರು, ಕೆಲವರು ಗದರಿದರು. ಇವರು ಬೆನ್ನು ಬಿಡಲಿಲ್ಲ.

ಮನೆಯಲ್ಲಿ ದರ್ಜಿ ಗಂಡ, ಜೊತೆಗೆ ನಾದಿನಿ. ಇವರು ಎದ್ದು ಹೊರಡುವಾಗ ಅವರಿಬ್ಬರೂ ಗಾಢ ನಿದ್ದೆಯಲ್ಲಿರುತ್ತಾರೆ. ನಾದಿನಿ ನೆಂಟರಿಗೆಲ್ಲ ಅತ್ತಿಗೆ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಾರೆ ಎಂದೇ ಹೇಳುವುದು. ತಿದ್ದುವುದಿಲ್ಲವೇ ಎಂದರೆ, “ಯಾರ್ಯಾರನ್ನ ಅಂತ ತಿದ್ದಲಿ? ಇದನ್ನ ಬಿಡಿಸಿ ಹೇಳೋಷ್ಟರಲ್ಲಿ ಅವ್ರ ಬಸ್ಸು ಬಂದಿರುತ್ತೆ,” ಎನ್ನುತ್ತಾರೆ. ರಜೆಯ ಮಾತೆತ್ತಿದರೆ ಕೈಮುಗಿಯುತ್ತಾರೆ. ಜ್ವರ ಬಂದು ಎರಡು ದಿನ ಮಲಗಿದ್ದಾಗ ಇಲ್ಲಿ ಚೀಟಿಗಳು ಅದಲುಬದಲಾಗಿ, ಗಂಡ ಹೊಲಿಗೆ ಬಿಟ್ಟು ಫೋನು ಹಿಡಿದುಕೊಂಡು ಇವರ ಕಿವಿಗೆ ಒತ್ತಿ ನಿಂತಿದ್ದರಂತೆ. ಮಲಗಿದಲ್ಲಿಂದಲೇ ಯಾವ ಗುಂಡಿ ಒತ್ತಬೇಕೆಂದು ಹೇಳಿದ್ದಾರೆ.

“ಬಂತು!”

ಫೈಲು ಬಂದಿದೆ. ಆದರೆ ಅದರ ಹೆಸರಿನ ಬಾಲದಲ್ಲಿ, ಯಾವ ಪ್ರೋಗ್ರಾಮಿನದೆಂದು ಹೇಳುವ ಅಕ್ಷರಗಳು ದಿನದ ಹಾಗಿಲ್ಲ. ಪಟ್ಟಿಯಕ್ಕನ ಹಣೆ ಗಂಟಾಗುತ್ತದೆ. ಮೊದಲನೇ ಪ್ರೋಗ್ರಾಮಿನಲ್ಲಿ ಒತ್ತುತ್ತಾರೆ, ತೆರೆಯಲು ಬರುವುದಿಲ್ಲ ಎಂದು ಚೌಕಟ್ಟು ಬರುತ್ತದೆ. ಎರಡನೆಯದರಲ್ಲಿ ತೆರೆಯುತ್ತದೆ, ಅಕ್ಷರಗಳ ಜಾಗದಲ್ಲಿ ಮಾತ್ರ ಬರೀ ಚೌಕಗಳ ಸಾಲು. ಮೂರನೆಯದಕ್ಕೆ ಕೊಟ್ಟು ಕಾಯುತ್ತಾರೆ. ಗೋಡೆ ಗಡಿಯಾರದ ಕಡೆ ನೋಡುವುದಿಲ್ಲ. ನೋಡದೇ ಇರುವುದಕ್ಕೆ ಅವರು ಪಡುತ್ತಿರುವ ಕಷ್ಟ ಎದ್ದು ಕಾಣುತ್ತಿದೆ.

“ಫೈಲು ಅಂದ್ರೆ ಮದುವೆ ಆದ ಹೆಣ್ಣು ಇದ್ದ ಹಾಗೆ, ಸರ್,” ಎನ್ನುತ್ತಾರೆ, ನನ್ನ ಮುಖದ ಗಾಬರಿ ನೋಡಿ ಸಮಾಧಾನ ಮಾಡುವವರ ಹಾಗೆ. “ಹುಟ್ಟಿದ ಪ್ರೋಗ್ರಾಂ ತವರು. ಅಲ್ಲಿ ಇದ್ದಿದ್ದೆಲ್ಲ ಗಂಡನ ಮನೇಲಿ ನಡೆಯಲ್ಲ. ಏನೇನು ತವರಲ್ಲೇ ಬಿಟ್ಟು ಬಂತು ಅಂತ ಮೈ ಕೈ ಸವರಿ ವಿಚಾರಿಸ್ಬೇಕು. ಬಾಯಿ ಬಿಟ್ಟು ಹೇಳಲ್ಲ ಅದು.”

ಬಾಗಿಲಲ್ಲಿ ದೊಡ್ಡಣ್ಣನ ತಲೆ ಕಾಣಿಸುತ್ತದೆ. “ಅಕ್ಕಾ, ಗಾಡಿ ನಿಂತಿದೆ. ಹಾಲಿಗೆ ಕೆನೆ ಕಟ್ತಿದೆ.”

“ಬಂತು ಬಂತು, ಒಂದೇ ವಾರ್ಡು.”

“ಆರಿದ ಹಾಲು ಮೇಲೆ ಹೋದ್ರೆ ಮೇಲಿನೋರು ಬೈಯೋದು ನನಗೆ, ನಿಮಗಲ್ಲ.”

ಅದೂ ಸುಳ್ಳಲ್ಲ. ಆರಿದ ತಟ್ಟೆ ಎಂದು ದೂರು ಬಂದಾಗಲೆಲ್ಲ ಮೇಲೆ ಕರೆಸಿ ನಿಲ್ಲಿಸುವುದು ದೊಡ್ಡಣ್ಣನನ್ನೇ. ಗಾಡಿ ಹೊತ್ತಿಗೆ ಸರಿಯಾಗಿ ಹೊರಡಬೇಕು ಎನ್ನುವುದು ಅವರ ಹಟ. ಇವರಿಬ್ಬರ ಜಟಾಪಟಿ ಇಲ್ಲಿನವರಿಗೆ ದಿನದ ಮನರಂಜನೆ ಎಂದು ಬ್ರೆಡ್ಡು ಹೊರುವವರೊಬ್ಬರು ನನ್ನ ಕಿವಿಯಲ್ಲಿ ಹೇಳಿದ್ದರು. ಇವತ್ತು ಯಾರ ಮುಖದಲ್ಲೂ ನಗು ಇಲ್ಲ.

ಮೂರನೇ ಪ್ರೋಗ್ರಾಮಿನಲ್ಲಿ ಪಟ್ಟಿ ಕಣ್ಣು ಬಿಡುತ್ತದೆ. ಹೆಸರು, ಹಾಸಿಗೆ, ಊಟ, ಉಪವಾಸ, ಎಲ್ಲ ಕಾಲಮುಗಳೂ ಇವೆ. ಪಟ್ಟಿಯಕ್ಕನ ಕೈ ಓಡತೊಡಗುತ್ತದೆ. ಹಾಸಿಗೆಯ ಕಾಲಮನ್ನು ಅಕ್ಷರ ಮಾಡುತ್ತಾರೆ, ಉಪವಾಸದ ಕಾಲಮನ್ನು ಬೆರಳಿಟ್ಟು ಓದುತ್ತಾರೆ, ಎಷ್ಟು ಸಾಲು ಬಂತು ಎಷ್ಟು ಸಾಲು ಹೋಯಿತು ಎಂದು ತಾಳೆ ನೋಡುತ್ತಾರೆ. ಬರೀ ಅಕ್ಷರದ ಫೈಲಾಗಿ ಅದು ಮುದುಕ ಯಂತ್ರಕ್ಕೆ ಹೋಗುತ್ತದೆ. ಯಂತ್ರ ಕೆಮ್ಮಿ ಕೆಮ್ಮಿ ಚೀಟಿ ಉಗುಳುತ್ತದೆ. ಗಾಡಿಯಣ್ಣ ಚೀಟಿಗಳನ್ನು ಬಾಚಿಕೊಂಡು ಹೋಗಿ ಪಟಪಟ ಅಂಟಿಸುತ್ತಾರೆ.

“ಎರಡು ನಿಮಿಷ ದೊಡ್ಡಣ್ಣಾ, ಕೈಯಾಡಿಸ್ಬಿಡ್ತೀನಿ!”

ಕೈಯಾಡಿಸುವುದು ಎಂದರೆ ಇವರ ಕೊನೆಯ ಕೆಲಸ. ಚೀಟಿ ಹೊಡೆದಾದ ಮೇಲೆ ವಾರ್ಡಿನಿಂದ ಬಂದ ಮೂಲ ಫೈಲನ್ನು ಮತ್ತೆ ತೆರೆದು, ಸಾಲು ಸಾಲಿನ ಮೇಲೂ ಮೌಸಿನ ಬಾಣವನ್ನು ನಿಧಾನವಾಗಿ ಎಳೆಯುತ್ತಾರೆ. ಬದಲಾಯಿಸುವಾಗ ಏನಾದರೂ ಉದುರಿದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಇದನ್ನು ಮಾಡಿ ಎಂದು ಯಾರೂ ಹೇಳಿಲ್ಲ. ಆ ತಾತನ ಹಾಲು ಆದ ಮೇಲೆ ತಾವೇ ಹಚ್ಚಿಕೊಂಡ ಅಭ್ಯಾಸ.

ಆದರೆ ಗಾಡಿಗಳ ಗಡಗಡ ಸದ್ದು ಆಗಲೇ ಓಣಿಯಲ್ಲಿ ದೂರವಾಗುತ್ತಿದೆ. ದೊಡ್ಡಣ್ಣ ಬಿಟ್ಟುಬಿಟ್ಟಿದ್ದಾರೆ.

ಪಟ್ಟಿಯಕ್ಕ ತುಟಿ ಕಚ್ಚಿಕೊಂಡು ಕೈಯಾಡಿಸುವುದಕ್ಕೆ ಶುರುಮಾಡುತ್ತಾರೆ. ಮೊದಲು ಮಕ್ಕಳ ವಾರ್ಡು. ಒಂದು ಸಾಲು, ಇನ್ನೊಂದು ಸಾಲು. ಏಳನೇ ಹಾಸಿಗೆಯ ಹತ್ತಿರ ಬಾಣ ನಿಲ್ಲುತ್ತದೆ. ಹೆಸರಿನ ಚೌಕದ ಮೂಲೆಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಚುಕ್ಕೆ. ಪರದೆಯ ಮೇಲಿನ ಕೊಳೆ ಇರಬಹುದೆಂದು ಸೆರಗಿನಿಂದ ಒರೆಸುತ್ತಾರೆ. ಹೋಗುವುದಿಲ್ಲ. ಬಾಣವನ್ನು ಅದರ ಮೇಲಿಡುತ್ತಾರೆ. ಹಳದಿ ಬಣ್ಣದ ಪುಟ್ಟ ಟಿಪ್ಪಣಿಯೊಂದು ಬಿಚ್ಚಿಕೊಳ್ಳುತ್ತದೆ.

‘ನಾಳೆಯ ಆಪರೇಷನ್ ಇವತ್ತಿಗೆ ಬಂದಿದೆ. ಮೊದಲನೇ ಸರದಿ. ಬಾಯಿಗೆ ಏನೂ ಕೊಡಬೇಡಿ.’

ಅದೇ ಸಾಲಿನಲ್ಲಿ ಊಟದ ಕಾಲಮಿನಲ್ಲಿರುವುದು ಹಾಲು, ಬ್ರೆಡ್ಡು. ಉಪವಾಸದ ಕಾಲಂ ಖಾಲಿ. ಯಂತ್ರಕ್ಕೆ ಹೋದದ್ದು ಅಷ್ಟೇ. ಟಿಪ್ಪಣಿ ತವರಲ್ಲೇ ಉಳಿದಿದೆ.

“ಅಯ್ಯೋ,” ಎನ್ನುತ್ತಾರೆ, ಬಹಳ ಮೆಲ್ಲಗೆ. ಫೋನು ಎತ್ತುತ್ತಾರೆ. ವಾರ್ಡಿನ ಫೋನು ಎಂಗೇಜ್. ಮತ್ತೆ ಒತ್ತುತ್ತಾರೆ. ಎಂಗೇಜ್. ಫೋನು ಕೆಳಗಿಡದೆ ಹಾಗೇ ಬಿಟ್ಟು ಎದ್ದು ಓಡುತ್ತಾರೆ, ಅದು ತಂತಿಯಲ್ಲಿ ನೇತಾಡುತ್ತಾ ಗೋಡೆಗೆ ಬಡಿಯುತ್ತದೆ. ನಾನೂ ಹಿಂದೆ ಓಡುತ್ತೇನೆ. ಯಾಕೆ ಓಡಿದೆನೋ ದೇವರಿಗೇ ಗೊತ್ತು, ನನ್ನಿಂದ ಅಲ್ಲಿ ಆಗಬೇಕಾದ್ದು ಕವಡೆಯಷ್ಟೂ ಇರಲಿಲ್ಲ.

ಲಿಫ್ಟಿನೊಳಗೆ ಸ್ಟ್ರೆಚರ್ ಸಿಕ್ಕಿಕೊಂಡಿದೆ, ಬಾಗಿಲು ಮುಚ್ಚುತ್ತಾ ತೆರೆಯುತ್ತಾ ಇದೆ. ಪಟ್ಟಿಯಕ್ಕ ಮೆಟ್ಟಿಲಿಗೆ ನುಗ್ಗುತ್ತಾರೆ. ಮಂಡಿನೋವಿನವರು ಅವರು, ಬೆಳಿಗ್ಗೆ ಕುರ್ಚಿಯಿಂದ ಏಳುವಾಗಲೂ ಮೇಜು ಹಿಡಿದೇ ಎದ್ದಿದ್ದರು. ಈಗ ಕೈಕಂಬಿ ಹಿಡಿದು ತಮ್ಮನ್ನು ತಾವೇ ಎಳೆದುಕೊಂಡು ಹೋಗುತ್ತಿದ್ದಾರೆ. ಎದುರು ಇಳಿದುಬರುತ್ತಿದ್ದ ಕಸಗುಡಿಸುವವರು ಗೋಡೆಗೆ ಒತ್ತಿ ನಿಲ್ಲುತ್ತಾರೆ. ನಾನು ಏದುಸಿರಿನಲ್ಲಿ ಏನೋ ಕೇಳುತ್ತೇನೆ. ಪಟ್ಟಿಯಕ್ಕ ಆಗಲೇ ಮುಂದಿನ ತಿರುವಿನಲ್ಲಿದ್ದಾರೆ.

ಮಕ್ಕಳ ವಾರ್ಡಿನ ಮಹಡಿ ಹತ್ತಿರವಾದಾಗ ಅಳು ಕೇಳಿಸುತ್ತದೆ. ಹೆಣ್ಣುಮಗುವಿನದು, ಗಂಟಲು ಹರಿದುಕೊಳ್ಳುವಂಥ ಅಳು. ನಡುನಡುವೆ ಒಂದೇ ಮಾತು: ಹಾಲೂ, ಹಾಲೂ.

ಪಟ್ಟಿಯಕ್ಕ ಮೊದಲ ಸಲ ಬಾಯಿ ಬಿಡುತ್ತಾರೆ. “ಅಳ್ತಿದೆ ಅಂದ್ರೆ ಇನ್ನೂ ಕೊಟ್ಟಿಲ್ಲ. ಅಳಲಿ ಸರ್, ಅಳ್ತಾನೇ ಇರಲಿ.”

ಓಣಿಗೆ ತಿರುಗುವಷ್ಟರಲ್ಲಿ ಅಳು ನಿಂತುಬಿಡುತ್ತದೆ.

ಆ ಓಣಿ ಎಷ್ಟು ಉದ್ದವಿತ್ತೋ ನನಗೆ ಗೊತ್ತಿಲ್ಲ. ನನಗೆ ಆ ಮಗು ಯಾರೆಂದೂ ತಿಳಿಯದು, ಆದರೂ ಪಟ್ಟಿಯಕ್ಕನ ಹಿಂದೆಯೇ ಬಿದ್ದು ಓಡುತ್ತಿದ್ದೇನೆ. ಅರ್ಧ ಖಾಲಿಯಾದ ಗಾಡಿಯನ್ನು ನಿಧಾನವಾಗಿ ತಳ್ಳಿಕೊಂಡು ಬರುತ್ತಿದ್ದ ಗಾಡಿಯಣ್ಣ, “ಏನಕ್ಕಾ?” ಎನ್ನುವಷ್ಟರಲ್ಲಿ ಪಟ್ಟಿಯಕ್ಕ ಅವರನ್ನು ದಾಟಿ ಒಳಗೆ ಹೋಗಿದ್ದಾರೆ.

ಏಳನೇ ಹಾಸಿಗೆಯಲ್ಲಿ ನಾಲ್ಕೈದು ವರ್ಷದ ಹುಡುಗಿ ಕಾಲು ಚಾಚಿ ಕೂತಿದ್ದಾಳೆ. ಕೆನ್ನೆ ತುಂಬ ಕಣ್ಣೀರು. ಪಕ್ಕದಲ್ಲಿ ಅಜ್ಜಿ. ಅಜ್ಜಿಯ ಕೈಯಲ್ಲಿ ಲೋಟ, ಲೋಟದ ಅಂಚು ಮಗುವಿನ ತುಟಿಯ ಹತ್ತಿರ. ಪಟ್ಟಿಯಕ್ಕ ಲೋಟಕ್ಕೆ ಕೈಹಾಕಿ ಕಿತ್ತುಕೊಳ್ಳುತ್ತಾರೆ. ಬಿಸಿ ಹಾಲು ಅವರ ಮುಂಗೈ ಮೇಲೆ ಚೆಲ್ಲುತ್ತದೆ. ಲೋಟ ಬಿಡುವುದಿಲ್ಲ.

ಮಗು ಆಕಾಶ ಭೂಮಿ ಒಂದಾಗುವ ಹಾಗೆ ಕಿರುಚುತ್ತದೆ, ಅದಕ್ಕಿಂತ ಜೋರಾಗಿ ಅಜ್ಜಿ.

“ಏನು ಹೆಂಗಸಮ್ಮಾ ನೀನು! ಹಸಿದ ಮಗೂ ಬಾಯಿಗೆ ಬಂದಿದ್ದನ್ನ ಕಿತ್ಕೊಳ್ತೀಯಲ್ಲ! ನಿನ್ನ ಕೈ ಸೇದಿಹೋಗ್ಲಿ! ನಿನ್ನ ಮನೇಲಿ ಮಕ್ಕಳು ಮರಿ ಇಲ್ವಾ?”

“ಕುಡಿದ್ಳಾ?” ಪಟ್ಟಿಯಕ್ಕ ಮಗುವಿನ ತುಟಿಯನ್ನೇ ನೋಡುತ್ತಾ ಕೇಳುತ್ತಾರೆ. “ಅಜ್ಜೀ, ಬೈರಿ, ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಕುಡಿದ್ಳಾ? ಒಂದು ಗುಟುಕಾದ್ರೂ?”

ಗಲಾಟೆಗೆ ನರ್ಸುಗಳು ಓಡಿಬರುತ್ತಾರೆ. ಅವರಲ್ಲೊಬ್ಬರು ಹೊಸಬರು, ರಾತ್ರಿ ಪಾಳಿ ಮುಗಿಸಿ ಹೊರಡಲಿದ್ದವರು. ಲೋಟ ನೋಡಿದ ಕೂಡಲೇ ಅವರ ಮುಖ ಬಿಳಿಚಿಕೊಳ್ಳುತ್ತದೆ. ಆ ಟಿಪ್ಪಣಿ ಬರೆದವರು ಅವರೇ. ಮಗುವಿನ ತಾಯಿಗೂ ಬಾಯಲ್ಲಿ ಹೇಳಿದ್ದರು. ತಾಯಿ ಬಟ್ಟೆ ತರಲು ನಸುಕಿನಲ್ಲಿ ಮನೆಗೆ ಹೋಗಿದ್ದಾರೆ. ಬದಲಿಗೆ ಬಂದು ಕೂತ ಅಜ್ಜಿಗೆ ಆಪರೇಷನ್ ಇದೆ ಎನ್ನುವುದು ಗೊತ್ತು, ಅದು ನಾಳೆ ಎಂದೇ ಗೊತ್ತು.

ಅರಿವಳಿಕೆ ಕೊಡುವ ಡಾಕ್ಟರನ್ನು ಕರೆಸುತ್ತಾರೆ. ಬಂದವರು ಯಾರನ್ನೂ ಬೈಯುವುದಿಲ್ಲ. ಬ್ರೆಡ್ಡು ಮುಟ್ಟಿಲ್ಲ ಎಂಬುದನ್ನು ನೋಡುತ್ತಾರೆ. ಲೋಟವನ್ನೂ, ಪಟ್ಟಿಯಕ್ಕನ ಕೆಂಪಾದ ಮುಂಗೈಯನ್ನೂ, ನೆಲದ ಮೇಲೆ ಚೆಲ್ಲಿದ ಹಾಲನ್ನೂ ನೋಡುತ್ತಾರೆ. ಚೆಲ್ಲಿದ್ದೆಷ್ಟು, ಮಗು ಕುಡಿದದ್ದೆಷ್ಟು, ಲೋಟ ನೋಡಿ ಹೇಳುವ ಹಾಗಿಲ್ಲ. ಒಂದೆರಡು ಗುಟುಕು ಒಳಗೆ ಹೋಗಿದ್ದರೂ ಇವತ್ತು ಆಪರೇಷನ್ ಇಲ್ಲ. ಕಿಬ್ಬೊಟ್ಟೆಯ ಸಣ್ಣ ಆಪರೇಷನ್ನಂತೆ, ಆದರೆ ಜ್ವರ ಬಂತೆಂದು ಒಂದು ಸಲ, ಕೆಮ್ಮೆಂದು ಇನ್ನೊಂದು ಸಲ ಈಗಾಗಲೇ ಮನೆಗೆ ವಾಪಸ್ ಹೋದ ಮಗು ಇದು. ಕುಡಿದಿಲ್ಲ ಎಂದು ಸುಮ್ಮನೆ ನಂಬಿ ಒಳಗೆ ಕರೆದೊಯ್ದರೆ ಆಗುವ ಅನಾಹುತ ಬೇರೆ.

ಡಾಕ್ಟರು ಮಂಡಿಯೂರಿ ಕೂತು ಮಗುವನ್ನೇ ಕೇಳುತ್ತಾರೆ. “ಪುಟ್ಟಾ, ಹಾಲು ಕುಡಿದ್ಯಾ?”

ಮಗು ಬಿಕ್ಕುವುದನ್ನು ನಿಲ್ಲಿಸಿ ಸುತ್ತಲಿನವರನ್ನೆಲ್ಲ ಒಮ್ಮೆ ನೋಡುತ್ತದೆ. ಬೆರಳು ಮಾತ್ರ ನೇರವಾಗಿ ಅಜ್ಜಿಯ ಕಡೆ ತಿರುಗುತ್ತದೆ.

“ಈ ಅಜ್ಜಿ ಕೊಡ್ಲೇ ಇಲ್ಲ! ಬಿಸಿ ಬಿಸಿ ಅಂತ ಊದ್ತಾನೇ ಇದ್ಳು! ಊಫ್ ಊಫ್ ಅಂತ, ಬರೀ ಊದಿದ್ಳು! ಈಗ ಕೊಡ್ತೀನಿ ಅಂದ್ಳು, ಈ ಆಂಟಿ ಬಂದು ಕಿತ್ಕೊಂಡ್ಳು!”

“ಒಂಚೂರೂ ಕುಡಿದಿಲ್ವಾ?”

“ಇಲ್ಲಾ!” ಆ ‘ಇಲ್ಲಾ’ದಲ್ಲಿದ್ದ ಅನ್ಯಾಯದ ಉರಿ ನೋಡಬೇಕಿತ್ತು. ಡಾಕ್ಟರು ಬಾಯಿ ತೆರೆಸಿ ನಾಲಿಗೆ ನೋಡುತ್ತಾರೆ, ಅಜ್ಜಿಯನ್ನು ಬೇರೆಯಾಗಿ ಕೇಳುತ್ತಾರೆ, ಪಕ್ಕದ ಹಾಸಿಗೆಯ ತಾಯಿಯನ್ನೂ ಕೇಳುತ್ತಾರೆ. ಎಲ್ಲರದ್ದೂ ಒಂದೇ ಮಾತು. ಎದ್ದು ನಿಂತು, “ಸರಿ, ಕರ್ಕೊಂಡು ಬನ್ನಿ,” ಎನ್ನುತ್ತಾರೆ.

ಪಟ್ಟಿಯಕ್ಕ ಲೋಟ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಡುತ್ತಾರೆ. ಈಗಷ್ಟೇ ಏನಾಗುವುದರಲ್ಲಿತ್ತು ಎಂದು ನರ್ಸೊಬ್ಬರು ಅಜ್ಜಿಗೆ ಬಿಡಿಸಿ ಹೇಳುತ್ತಿದ್ದಾರೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಳ್ಳುತ್ತಾರೆ. ಪಟ್ಟಿಯಕ್ಕನ ಕಡೆ ತಿರುಗಿಯೂ ನೋಡುವುದಿಲ್ಲ. ಮೊಮ್ಮಗಳ ಸ್ಟ್ರೆಚರ್ ಹಿಂದೆ, “ಗುಬ್ಬೀ, ಹೆದರ್ಕೋಬೇಡ ಕಣೇ, ಗುಬ್ಬೀ,” ಎನ್ನುತ್ತಾ ಹೊರಟುಹೋಗುತ್ತಾರೆ.

ಹೊಸ ನರ್ಸು ಓಣಿಯ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾರೆ. “ಮೊದಲಿದ್ದ ಕಡೆ ಎಲ್ಲರ ಹತ್ರಾನೂ ಒಂದೇ ಪ್ರೋಗ್ರಾಂ ಅಕ್ಕ. ಟಿಪ್ಪಣಿ ಹಾಕಿದ್ರೆ ಅಡುಗೆಮನೇವರೆಗೂ ಕಾಣ್ತಿತ್ತು. ಕೆಂಪಗೆ ಎದ್ದು ಕಾಣ್ತಿತ್ತು.”

“ನಿನಗೆ ಹೇಳಿಕೊಡ್ಬೇಕಾದೋಳು ನಾನು. ಹೊಸಬಳು ಬಂದಿದಾಳೆ ಅಂತ ನನಗೆ ಗೊತ್ತಿತ್ತು, ಮೇಲೆ ಹತ್ತಿ ಬರಕ್ಕೆ ಮಂಡಿ ನೋವು ಅಂತ ಸುಮ್ನಾದೆ,” ಎನ್ನುತ್ತಾರೆ ಪಟ್ಟಿಯಕ್ಕ, ಅವರ ಬೆನ್ನು ಸವರುತ್ತಾ. “ಗಾಡಿ ಹೊರಟಾಗ ಅಡ್ಡ ನಿಂತ್ಕೋಬೇಕಿತ್ತು. ಅದನ್ನೂ ಮಾಡ್ಲಿಲ್ಲ. ಮುಖ ತೊಳ್ಕೊಂಡು ಮನೆಗೆ ಹೋಗು, ಮಲ್ಕೋ.”

ಕೆಳಗೆ ಬಂದವರು ಕೈಗೆ ನೀರು ಬಿಟ್ಟುಕೊಂಡು ನೇರ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಉಳಿದ ಎಲ್ಲ ವಾರ್ಡುಗಳ ಮೂಲ ಫೈಲನ್ನೂ ತೆರೆದು ಚುಕ್ಕೆ ಹುಡುಕುತ್ತಾರೆ. ಟಿಪ್ಪಣಿಗಳನ್ನೆಲ್ಲ ಒಂದು ಕಾಲಮಿಗೆ ಇಳಿಸಿ ಕೊಡುವ ಉಪಾಯವೊಂದು ಆ ಮೂರನೇ ಪ್ರೋಗ್ರಾಮಿನಲ್ಲಿ ಇದೆಯೇ ಎಂದು ಕೆದಕುತ್ತಾ ಹೋಗುತ್ತಾರೆ. ಒಮ್ಮೆ ಸಿಕ್ಕಿತು ಎನ್ನುತ್ತಾರೆ, ಒಮ್ಮೆ ಛೇ ಎನ್ನುತ್ತಾರೆ. ಫೋನು ಸದ್ದು ಮಾಡಿದಾಗಲೆಲ್ಲ ಬೆಚ್ಚುತ್ತಾರೆ. ಮೇಲೆ ಆ ಮಗು ಇನ್ನೂ ಒಳಗೇ ಇದೆ.

ಈ ನಡುವೆ ಸಂದರ್ಶಕನ ಕರ್ತವ್ಯ ಎಂದುಕೊಂಡು ನಾನು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿಬಿಡುತ್ತೇನೆ: ನಿಮಗೆ ಏನಾಗಬೇಕು ಅಂತ ಆಸೆ?

ಎಲ್ಲ ವಾರ್ಡಿಗೂ ಒಂದೇ ಪ್ರೋಗ್ರಾಂ ಬರಲಿ, ತಮ್ಮ ಕೆಲಸಕ್ಕೊಂದು ಹೆಸರು ಸಿಗಲಿ, ಇಂಥದ್ದೇನಾದರೂ ಹೇಳುತ್ತಾರೆಂದು ಪೆನ್ನು ಹಿಡಿದು ಕಾಯುತ್ತೇನೆ. ಅವರು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡುತ್ತಾರೆ.

“ಆ ಮಗು ಎಚ್ಚರ ಆಗಿ ಹಾಲು ಕುಡಿಯೋದು ನೋಡ್ಬೇಕು ಸರ್. ಇವತ್ತು ಬೇರೆ ಯಾವ ಆಸೇನೂ ಇಲ್ಲ. ನಿಮ್ಮ ಪೇಪರಿಗೆ ಇದು ಸಾಲಲ್ಲ, ಅಲ್ವಾ?”

ಮಧ್ಯಾಹ್ನದ ಗಾಡಿಗಳು ಸಾಲಾಗಿ ನಿಂತಾಗ ದೊಡ್ಡಣ್ಣ ಕೋಣೆಯ ಬಾಗಿಲಿಗೆ ಬರುತ್ತಾರೆ. ಬೆಳಗಿನಿಂದ ಅವರು ಇತ್ತ ಮುಖ ಹಾಕಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಳ್ಳುತ್ತಾರೆ.

“ನಿಮ್ಮದು ಆಯ್ತಾ? ಬಿಡಲಾ?”

“ತಡೀರಿ, ಇನ್ನೊಂದು ವಾರ್ಡು ಇದೆ.”

“ಆಗ್ಲಿ,” ಎಂದು ಅಲ್ಲೇ ನಿಲ್ಲುತ್ತಾರೆ. ಪಲ್ಯದ ಹಬೆ ಆರುತ್ತಿರುವುದು ಅವರಿಗೂ ಕಾಣುತ್ತಿದೆ.

ಮಧ್ಯಾಹ್ನದ ಗಾಡಿಗಳು ಹೋದ ಮೇಲೆ ಮೇಲಿನಿಂದ ಫೋನು ಬರುತ್ತದೆ. ಪಟ್ಟಿಯಕ್ಕ ಹೂಂ, ಹೂಂ ಎಂದಷ್ಟೇ ಕೇಳಿಸಿಕೊಂಡು ಫೋನು ಇಡುತ್ತಾರೆ. ಆಪರೇಷನ್ ಚೆನ್ನಾಗಿ ಆಗಿದೆ, ಮಗು ಕಣ್ಣು ಬಿಟ್ಟಿದೆ. ಹೇಳಿ ಮುಗಿಸಿ ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ಬ್ರೆಡ್ಡು ಹೊರುವವರು ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಹೋಗುತ್ತಾರೆ. ಸಂಜೆಯ ಪಟ್ಟಿ ಇಳಿಸಿಕೊಡುವುದು ದಿನವೂ ಇನ್ನೊಬ್ಬರ ಪಾಳಿ, ಕಷ್ಟವಾದರೆ ಫೋನಿನಲ್ಲಿ ಕೇಳುತ್ತಾರೆ. ಇವತ್ತು ಪಟ್ಟಿಯಕ್ಕ ಮನೆಗೆ ಹೋಗುವುದಿಲ್ಲ. ಗಂಡನಿಗೆ ಫೋನು ಮಾಡಿ, “ನೀವೇ ಏನಾದ್ರೂ ಬೇಯಿಸ್ಕೊಳ್ಳಿ, ನಾನು ಬರೋದು ತಡ,” ಎನ್ನುತ್ತಾರೆ.

ಸಂಜೆಯ ಪಟ್ಟಿಯಲ್ಲಿ ಏಳನೇ ಹಾಸಿಗೆಯ ಸಾಲಿನಲ್ಲಿ ಇರುವುದು ಹಾಲು, ಅರ್ಧ ಲೋಟ. ಚುಕ್ಕೆ ಇಲ್ಲ, ಟಿಪ್ಪಣಿ ಇಲ್ಲ, ಇರಬೇಕಾದ ಕಾಲಮಿನಲ್ಲಿ ಅಕ್ಷರದಲ್ಲೇ ಇದೆ. ಆದರೂ ಪಟ್ಟಿಯಕ್ಕ ವಾರ್ಡಿಗೆ ಫೋನು ಮಾಡಿ ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಚೀಟಿ ಹೊಡೆದು ಲೋಟಕ್ಕೆ ತಾವೇ ಅಂಟಿಸುತ್ತಾರೆ. ಗಾಡಿಯಣ್ಣನಿಗೆ ಕೊಡದೆ ಕೈಯಲ್ಲೇ ಹಿಡಿದು ಲಿಫ್ಟು ಹತ್ತುತ್ತಾರೆ.

ಮಗು ದಿಂಬಿಗೆ ಒರಗಿದೆ. ಕಣ್ಣು ಅರ್ಧ ಮುಚ್ಚಿ, ತುಟಿ ಒಣಗಿ, ಬೆಳಗಿನ ಆ ಕೂಗಿನ ಸುಳಿವೂ ಇಲ್ಲದೆ ಮಲಗಿದೆ. ತಾಯಿ ಕಾಲ ಹತ್ತಿರ ಕೂತಿದ್ದಾರೆ, ಅಜ್ಜಿ ತಲೆಯ ಹತ್ತಿರ. ಪಟ್ಟಿಯಕ್ಕನನ್ನು ನೋಡಿದ ಅಜ್ಜಿ ಕೂತಲ್ಲೇ ಸ್ವಲ್ಪ ಮುದುಡುತ್ತಾರೆ. ಬೆಳಿಗ್ಗೆ ಹೇಳಿದ ಮಾತು ಇಬ್ಬರ ನಡುವೆ ಇನ್ನೂ ಇದೆ ಎಂದು ನನಗೂ ತಿಳಿಯುತ್ತದೆ. ಅಜ್ಜಿ ಕೆಂಪಾದ ಆ ಮುಂಗೈ ನೋಡುತ್ತಾರೆ, ಲೋಟ ನೋಡುತ್ತಾರೆ.

“ಈ ಸಲ ಕೊಡ್ತೀಯೋ, ಮತ್ತೆ ಕಿತ್ಕೊಳ್ತೀಯೋ?” ಎನ್ನುತ್ತಾರೆ ಕಡೆಗೆ. ದನಿ ಗದರಿಕೆಯದ್ದು, ಕಣ್ಣು ಮಾತ್ರ ತುಂಬಿಬಂದಿದೆ. ಲೋಟ ಇಸಿದುಕೊಂಡು ರೂಢಿಯಂತೆ ತುಟಿ ಮುಂದೆ ಮಾಡುತ್ತಾರೆ.

ಪಟ್ಟಿಯಕ್ಕ ಅವರ ಕೈ ಹಿಡಿಯುತ್ತಾರೆ.

“ಊದಬೇಡಿ ಅಜ್ಜೀ. ನಾನೇ ಆರಿಸಿ ತಂದಿದೀನಿ. ಕೊಟ್ಬಿಡಿ.”